ಹಾಡು ಮುದ್ರಿಸಲು ಯಾವ ಸಾಫ್ಟ್‌ವೇರ್?

ಹಾಡನ್ನು ಮನೆಯಲ್ಲೇ ಮುದ್ರಿಸಿ ಮಿಕ್ಸ್ ಮಾಡಲು ಹೊರಟವರು ಮೊದಲು ಕೇಳುವುದು ಒಂದೇ ಮಾತು: ಯಾವ ಸಾಫ್ಟ್‌ವೇರ್‌ನಲ್ಲಿ ಸೌಂಡ್ ಚೆನ್ನಾಗಿ ಬರುತ್ತದೆ? ಪ್ರೊ ಟೂಲ್ಸ್ ಬಿಟ್ಟರೆ ಬೇರೆಯದು ಬೇಡ ಎನ್ನುವವರಿದ್ದಾರೆ. ಕ್ಯೂಬೇಸ್ ತುಂಬಿಕೊಂಡು ಕೇಳಿಸುತ್ತದೆ ಎನ್ನುವವರಿದ್ದಾರೆ. ಎಫ್‌ಎಲ್ ಸ್ಟುಡಿಯೋ ಬರೀ ಬೀಟ್ ಮಾಡುವ ಹುಡುಗರಿಗೆ ಎಂದು ತಳ್ಳಿಹಾಕುವವರೂ ಇದ್ದಾರೆ. ಈ ಮಾತುಗಳನ್ನು ನಂಬಿ ಹಣ ಕಳೆದುಕೊಂಡವರು ಬಹಳ. ಹಾಗಾಗಿ ಮೊದಲು ಈ ಪ್ರಶ್ನೆಯನ್ನೇ ಇತ್ಯರ್ಥ ಮಾಡಿಬಿಡೋಣ. ಅದಕ್ಕೆ ಯಾರ ಮಾತೂ ಬೇಕಿಲ್ಲ, ನೀವೇ ಪರೀಕ್ಷೆ ಮಾಡಬಹುದು.

ಒಂದು ಹಾಡಿನ ಎಲ್ಲ ಟ್ರ್ಯಾಕ್‌ಗಳನ್ನೂ ಎರಡು ಬೇರೆ ಬೇರೆ ಸಾಫ್ಟ್‌ವೇರ್‌ಗಳಿಗೆ ಹಾಕಿ. ಫೇಡರ್‌ಗಳೆಲ್ಲ ಸೊನ್ನೆಯಲ್ಲಿರಲಿ, ಒಂದು ಪ್ಲಗಿನ್ ಕೂಡ ಬೇಡ, ಡಿದರ್ ಬಂದ್ ಆಗಿರಲಿ, ಪ್ಯಾನ್ ಲಾ (ಅದೇನೆಂದು ಮುಂದೆ ಹೇಳುತ್ತೇನೆ) ಎರಡರಲ್ಲೂ ಒಂದೇ ಇರಲಿ. ಎರಡರಿಂದಲೂ ವೇವ್ ಫೈಲ್ ತೆಗೆಯಿರಿ. ಆ ಎರಡು ಫೈಲ್‌ಗಳನ್ನು ಒಂದೇ ಪ್ರಾಜೆಕ್ಟ್‌ನಲ್ಲಿ ಒಂದರ ಕೆಳಗೊಂದು ಇಟ್ಟು, ಒಂದರ ಪೋಲಾರಿಟಿ ತಿರುಗಿಸಿ, ಒಟ್ಟಿಗೆ ನುಡಿಸಿ. ಎರಡೂ ಒಂದನ್ನೊಂದು ಅಳಿಸಿಹಾಕಿ ನಿಶ್ಶಬ್ದ ಉಳಿಯುತ್ತದೆ. ಟ್ರ್ಯಾಕ್‌ಗಳನ್ನು ಕೂಡಿಸುವುದೆಂದರೆ ಕೊನೆಗೆ ಅಂಕಿಗಳನ್ನು ಕೂಡಿಸುವುದು. ಈಗಿನ ಸಾಫ್ಟ್‌ವೇರ್‌ಗಳೆಲ್ಲ ಆ ಲೆಕ್ಕವನ್ನು 32 ಅಥವಾ 64 ಬಿಟ್ ಫ್ಲೋಟಿಂಗ್ ಪಾಯಿಂಟ್‌ನಲ್ಲಿ ಮಾಡುತ್ತವೆ. ಅಲ್ಲಿ ಕಿವಿಗೆ ಕೇಳುವಂಥ ವ್ಯತ್ಯಾಸ ಹುಟ್ಟಲು ಜಾಗವಿಲ್ಲ.

ಹಾಗಾದರೆ ಇಷ್ಟೊಂದು ಜನಕ್ಕೆ ವ್ಯತ್ಯಾಸ ಕೇಳಿಸಿದ್ದು ಹೇಗೆ? ಬಹಳ ಸಲ ಅದಕ್ಕೆ ಕಾರಣ ಪ್ಯಾನ್ ಲಾ. ಮೋನೋ ಟ್ರ್ಯಾಕ್ ಒಂದನ್ನು ನಡುವೆ ಇಟ್ಟಾಗ ಎರಡೂ ಸ್ಪೀಕರ್‌ಗಳಿಂದ ಅದು ಎಷ್ಟು ಜೋರಾಗಿ ಬರಬೇಕು ಎಂಬ ನಿಯಮ ಅದು. ರೀಪರ್ ಎಂಬ ಸಾಫ್ಟ್‌ವೇರ್‌ನಲ್ಲಿ ಅದು ಸಾಮಾನ್ಯವಾಗಿ ಸೊನ್ನೆ ಡೆಸಿಬಲ್, ಅಂದರೆ ಏನೂ ಇಳಿಸುವುದಿಲ್ಲ. ಕ್ಯೂಬೇಸ್ ಸುಮಾರು 3 ಡೆಸಿಬಲ್ ಇಳಿಸುತ್ತದೆ. ಅದೇ ಗಾಯನ, ಅದೇ ಫೈಲ್, ಒಂದರಲ್ಲಿ 3 ಡೆಸಿಬಲ್ ಹೆಚ್ಚು. ಜೋರಾದದ್ದು ಕಿವಿಗೆ ಯಾವಾಗಲೂ ಚೆಂದ ಕೇಳಿಸುತ್ತದೆ. ಪ್ಯಾನ್ ಲಾ ಸರಿಸಮ ಮಾಡಿ ನೋಡಿ, ಆ ವ್ಯತ್ಯಾಸ ಮಾಯವಾಗುತ್ತದೆ.

ಆದ್ದರಿಂದ ಸಾಫ್ಟ್‌ವೇರ್ ಆರಿಸುವಾಗ ಸೌಂಡ್ ವಿಚಾರವನ್ನು ಬದಿಗಿಟ್ಟು ಬೇರೆ ಮೂರು ಸಂಗತಿ ನೋಡಬೇಕು. ನಿಮ್ಮ ಮೇಜಿನ ಮೇಲೆ ಈಗಾಗಲೇ ಯಾವ ಕಂಪ್ಯೂಟರ್ ಇದೆ? ನೀವು ಮಾಡುವುದು ಯಾವ ಬಗೆಯ ಕೆಲಸ? ಮುಗಿದ ಮೇಲೆ ನಿಮ್ಮ ಫೈಲ್‌ಗಳು ಯಾರ ಕೈಗೆ ಹೋಗುತ್ತವೆ?

ಒಂದೊಂದರ ಗುಣ

ಮೂರನೆಯ ಪ್ರಶ್ನೆಗೆ ‘ಸಿನಿಮಾಕ್ಕೆ’ ಎಂಬುದು ನಿಮ್ಮ ಉತ್ತರವಾದರೆ ಹೆಚ್ಚು ಯೋಚಿಸಬೇಕಿಲ್ಲ, ಪ್ರೊ ಟೂಲ್ಸ್ ಕಲಿಯಿರಿ. ಕನ್ನಡ ಚಿತ್ರಗೀತೆಗಳ ಮುದ್ರಣಕ್ಕೆ ದಶಕಗಳ ಕಾಲ ಮದ್ರಾಸಿನ ಹಾದಿ ಹಿಡಿಯಬೇಕಿತ್ತು. ಆ ಅಲೆದಾಟ ತಪ್ಪಲೆಂದೇ ಶಂಕರ್‌ನಾಗ್ ಬೆಂಗಳೂರಿನಲ್ಲಿ ಸಂಕೇತ್ ಸ್ಟುಡಿಯೋ ಕಟ್ಟಿದರು. ಆಗ ಇದ್ದದ್ದು ಟೇಪ್. ಆ ಟೇಪನ್ನು ಜಗತ್ತಿನ ಸ್ಟುಡಿಯೋಗಳಿಂದ ಹೊರಹಾಕಿದ್ದು ಹೆಚ್ಚಾಗಿ 1991ರಲ್ಲಿ ಡಿಜಿಡಿಸೈನ್ ಕಂಪನಿ ತಂದ ಪ್ರೊ ಟೂಲ್ಸ್. 1995ರಲ್ಲಿ ಆವಿಡ್ ಆ ಕಂಪನಿಯನ್ನು ಕೊಂಡಿತು. ಆವಿಡ್ ಆ ಹೊತ್ತಿಗಾಗಲೇ ಸಿನಿಮಾ ಸಂಕಲನದಲ್ಲಿ ನೆಲೆಯೂರಿತ್ತು. ಚಿತ್ರ ಮತ್ತು ಶಬ್ದ ಒಂದೇ ಮನೆಗೆ ಬಂದದ್ದರಿಂದ ಡಬ್ಬಿಂಗ್, ಎಫೆಕ್ಟ್ಸ್, ಅಂತಿಮ ಮಿಕ್ಸಿಂಗ್ ಎಲ್ಲಕ್ಕೂ ಇದೇ ಸಾಮಾನ್ಯ ಭಾಷೆಯಾಯಿತು. ಧ್ವನಿ ಕತ್ತರಿಸುವುದು, ಹತ್ತು ಟೇಕ್‌ಗಳಿಂದ ಒಳ್ಳೆಯ ಸಾಲುಗಳನ್ನು ಆಯ್ದು ಜೋಡಿಸುವುದು ಇದರಲ್ಲಿ ಇಂದಿಗೂ ಬಲು ಸಲೀಸು. ವಾದ್ಯಗಳನ್ನು ಮಿಡಿಯಲ್ಲಿ ಬರೆಯುವವರಿಗೆ ಮಾತ್ರ ಇದು ಅಷ್ಟು ಒಗ್ಗುವುದಿಲ್ಲ. ಇಂಟ್ರೋ ಎಂಬ ಉಚಿತ ಆವೃತ್ತಿಯಲ್ಲಿ 8 ಆಡಿಯೋ ಟ್ರ್ಯಾಕ್ ಸಿಗುತ್ತವೆ, ಕಲಿಯಲು ಅಷ್ಟು ಸಾಕು. ಆರ್ಟಿಸ್ಟ್ ಆವೃತ್ತಿಯಲ್ಲಿ 32. ಇನ್ನೊಂದು ವಿಷಯ ನೆನಪಿರಲಿ: ಇದು ಎಎಎಕ್ಸ್ ಬಗೆಯ ಪ್ಲಗಿನ್‌ಗಳನ್ನಷ್ಟೇ ಒಪ್ಪುತ್ತದೆ. ಅಂತರ್ಜಾಲದಲ್ಲಿ ಉಚಿತವಾಗಿ ಸಿಗುವ ಚೆಂದದ ಪ್ಲಗಿನ್‌ಗಳಲ್ಲಿ ಬಹುಪಾಲು ವಿಎಸ್‌ಟಿ ಬಗೆಯವು, ಅವು ಇಲ್ಲಿ ನಡೆಯವು.

ಆ ವಿಎಸ್‌ಟಿಯನ್ನು 1996ರಲ್ಲಿ ತಂದದ್ದು ಜರ್ಮನಿಯ ಹ್ಯಾಂಬರ್ಗ್‌ನ ಸ್ಟೈನ್‌ಬರ್ಗ್, ಕ್ಯೂಬೇಸ್‌ನ ಒಡೆಯರು. 1989ರಲ್ಲಿ ಅಟಾರಿ ಕಂಪ್ಯೂಟರ್‌ನಲ್ಲಿ ಹುಟ್ಟಿದ ಸಾಫ್ಟ್‌ವೇರ್ ಇದು. ಎಡದಿಂದ ಬಲಕ್ಕೆ ಹರಿಯುವ ಕಾಲರೇಖೆ, ಅದರ ಮೇಲೆ ಬಣ್ಣದ ತುಂಡುಗಳು, ಇಂದು ಎಲ್ಲ ಕಡೆ ಕಾಣುವ ಆ ನೋಟ ಜನಪ್ರಿಯವಾದದ್ದು ಇದರಿಂದ. ದೊಡ್ಡ ವಾದ್ಯಮೇಳ ಬರೆಯುವವರಿಗೆ, ಹಿನ್ನೆಲೆ ಸಂಗೀತ ಕಟ್ಟುವವರಿಗೆ ಇದಕ್ಕಿಂತ ಒಳ್ಳೆಯದನ್ನು ನಾನು ಹೇಳಲಾರೆ. ಹಾನ್ಸ್ ಜಿಮ್ಮರ್ ಇದನ್ನೇ ನೆಚ್ಚಿಕೊಂಡವರು. ಬೆಲೆ ಮಾತ್ರ ಮೆಟ್ಟಿಲು ಮೆಟ್ಟಿಲಾಗಿ ಏರುತ್ತದೆ. ಹಾಡುಗಾರರ ಶ್ರುತಿ ತಿದ್ದುವ ವೇರಿಆಡಿಯೋ ಬೇಕೆಂದರೆ ಆರ್ಟಿಸ್ಟ್ ಅಥವಾ ಪ್ರೊ ಆವೃತ್ತಿಯನ್ನೇ ಕೊಳ್ಳಬೇಕು. ಮೊದಲೆಲ್ಲ ಯುಎಸ್‌ಬಿ ಕೀಲಿ ಸಿಕ್ಕಿಸದೆ ತೆರೆಯುತ್ತಿರಲಿಲ್ಲ. 2022ರ 12ನೇ ಆವೃತ್ತಿಯಿಂದ ಆ ಕಾಟ ತಪ್ಪಿದೆ.

ಮ್ಯಾಕ್ ಇರುವವರಿಗೆ ಆಯ್ಕೆ ಸುಲಭ. ಜೊತೆಯಲ್ಲೇ ಬರುವ ಗರಾಜ್‌ಬ್ಯಾಂಡ್‌ನಲ್ಲಿ ಆರಂಭಿಸಿ. ಅದು ಸಾಲದಾದಾಗ ಲಾಜಿಕ್ ಪ್ರೊಗೆ ಹೋಗಿ, ಹಳೆಯ ಪ್ರಾಜೆಕ್ಟ್‌ಗಳು ಹಾಗೆಯೇ ತೆರೆಯುತ್ತವೆ. ಅಮೆರಿಕದಲ್ಲಿ ಇದರ ಬೆಲೆ 199.99 ಡಾಲರ್, ಒಂದೇ ಸಲ ಕೊಟ್ಟರಾಯಿತು. ಅದರೊಳಗೆ ಬರುವ ವಾದ್ಯಗಳು, ರಿವರ್ಬ್‌ಗಳು, ಕಂಪ್ರೆಸರ್‌ಗಳನ್ನು ಬೇರೆ ಕಡೆ ಬಿಡಿಬಿಡಿಯಾಗಿ ಕೊಂಡರೆ ಇದರ ಹಲವು ಪಟ್ಟು ಆಗುತ್ತದೆ. ಎ.ಆರ್. ರೆಹಮಾನ್ ಬಹುಕಾಲದಿಂದ ಲಾಜಿಕ್ ಬಳಸುವವರು. ಬಿಲ್ಲಿ ಐಲಿಶ್‌ರ ಮೊದಲ ಆಲ್ಬಂ ಅನ್ನು ಅವರ ಅಣ್ಣ ಫಿನಿಯಾಸ್ ಮಲಗುವ ಕೋಣೆಯಲ್ಲಿ ಮುದ್ರಿಸಿದ್ದು ಲಾಜಿಕ್‌ನಲ್ಲೇ. 2020ರಲ್ಲಿ ಅದಕ್ಕೆ ವರ್ಷದ ಆಲ್ಬಂ ಗ್ರ್ಯಾಮಿ ಬಂತು. ಮಿಕ್ಸಿಂಗ್‌ಗೆ ಮಾತ್ರ ಅವರು ಅನುಭವಿ ಎಂಜಿನಿಯರ್ ಒಬ್ಬರನ್ನು ಹಿಡಿದರು ಎಂಬುದನ್ನು ಮನೆಯಲ್ಲಿ ದುಡಿಯುವವರು ಗಮನಿಸಬೇಕು. ವಿಂಡೋಸ್ ಇರುವವರು ಲಾಜಿಕ್‌ಗಾಗಿ ಆಸೆಪಡುವುದು ಬೇಡ. 2002ರಲ್ಲಿ ಆಪಲ್ ಮೂಲ ಕಂಪನಿ ಇಮ್ಯಾಜಿಕ್ ಅನ್ನು ಕೊಂಡ ಕೂಡಲೇ ವಿಂಡೋಸ್ ಬಾಗಿಲು ಮುಚ್ಚಿತು.

ವಿಂಡೋಸ್ ಲ್ಯಾಪ್‌ಟಾಪ್, ಒಂದು ಮೈಕ್, ಕೈಯಲ್ಲಿ ಸ್ವಲ್ಪವೇ ಹಣ: ನಮ್ಮ ಹೆಚ್ಚಿನ ಓದುಗರ ಸ್ಥಿತಿ ಇದೇ ಇರಬೇಕು. ಅವರಿಗೆ ನಾನು ಎರಡು ಮಾತಿಲ್ಲದೆ ಹೇಳುವುದು ರೀಪರ್. ಒಂದು ಕಾಲಕ್ಕೆ ಮನೆಮನೆಯ ಕಂಪ್ಯೂಟರ್‌ನಲ್ಲೂ ಇದ್ದ ವಿನ್ಆ್ಯಂಪ್ ಬರೆದ ಜಸ್ಟಿನ್ ಫ್ರಾಂಕೆಲ್ ಇದರ ಹಿಂದಿದ್ದಾರೆ. ಡೌನ್‌ಲೋಡ್ ಮಾಡಲು ಮೊಬೈಲ್ ಡೇಟಾ ಸಾಕು, ಅಷ್ಟು ಚಿಕ್ಕದು. ಹಳೆಯ ಯಂತ್ರದಲ್ಲೂ ಓಡುತ್ತದೆ, ಲಿನಕ್ಸ್‌ನಲ್ಲೂ ಓಡುತ್ತದೆ. 60 ದಿನ ಯಾವ ಕಡಿತವೂ ಇಲ್ಲದೆ ಪರೀಕ್ಷಿಸಬಹುದು. ಆಮೇಲೆ ಸಣ್ಣ ಆದಾಯದವರಿಗೆ ಲೈಸೆನ್ಸ್ 60 ಡಾಲರ್. ಟ್ರ್ಯಾಕ್ ಸಂಖ್ಯೆಗೆ ಮಿತಿ ಇಲ್ಲ. ಸಮಕಾರಿ, ಕಂಪ್ರೆಸರ್, ಗೇಟ್, ಡಿಲೇ ಎಲ್ಲ ಒಳಗೇ ಇವೆ. ನೋಡಲು ಸಪ್ಪೆಯಾಗಿವೆ, ಕೆಲಸದಲ್ಲಿ ಗಟ್ಟಿ. ಕೊರತೆಗಳನ್ನೂ ಹೇಳಿಬಿಡುತ್ತೇನೆ. ವಾದ್ಯಗಳ ಭಂಡಾರ ಇದರಲ್ಲಿ ಇಲ್ಲವೆಂದೇ ಹೇಳಬೇಕು, ತಂಬೂರಿಯಿಂದ ಪಿಯಾನೋವರೆಗೆ ಎಲ್ಲವನ್ನೂ ಹೊರಗಿನಿಂದ ತರಬೇಕು. ಮೆನುಗಳು ಕಾಡಿನಂತೆ ದಟ್ಟ, ಮೊದಲ ಕೆಲವು ವಾರ ದಾರಿ ತಪ್ಪುವುದು ಖಂಡಿತ. ಸಿನಿಮಾ ಕಡೆಯಿಂದ ಬರುವ ಎಎಎಫ್ ಫೈಲ್‌ಗಳನ್ನು ಇದು ನೇರವಾಗಿ ತೆರೆಯದು.

ಬೀಟ್ ಕಟ್ಟಿ ಅದರ ಮೇಲೆ ರ‍್ಯಾಪ್ ಅಥವಾ ಹಾಡು ಕೂರಿಸುವವರಿಗೆ ಬೆಲ್ಜಿಯಂನ ಎಫ್‌ಎಲ್ ಸ್ಟುಡಿಯೋ ಕೈಗೆ ಬೇಗ ಒಗ್ಗುತ್ತದೆ. ಒಮ್ಮೆ ಕೊಂಡರೆ ಮುಂದಿನ ಆವೃತ್ತಿಗಳೆಲ್ಲ ಉಚಿತ, ಈ ಮಾತನ್ನು ಕಂಪನಿ ಇಷ್ಟು ವರ್ಷವೂ ಉಳಿಸಿಕೊಂಡು ಬಂದಿದೆ. ಗಾಯನ ಮುದ್ರಿಸುವವರು ಪ್ರೊಡ್ಯೂಸರ್ ಆವೃತ್ತಿಯಿಂದ ಮೇಲಿನದನ್ನೇ ನೋಡಲಿ. ಪ್ರಾಯೋಗಿಕ ಆವೃತ್ತಿಯಲ್ಲಿ ಪ್ರಾಜೆಕ್ಟ್ ಉಳಿಸಬಹುದು, ಆದರೆ ಕೊಳ್ಳುವವರೆಗೆ ಮತ್ತೆ ತೆರೆಯಲು ಬರುವುದಿಲ್ಲ. ಇದು ಗೊತ್ತಿಲ್ಲದೆ ರಾತ್ರಿಯಿಡೀ ದುಡಿದು ಬೆಳಗ್ಗೆ ಪೇಚಾಡುವವರಿದ್ದಾರೆ. ವೇದಿಕೆಯ ಮೇಲೆ ಲೂಪ್ ನುಡಿಸುತ್ತ ಹಾಡುವವರಿಗೆ 2001ರಲ್ಲಿ ಬರ್ಲಿನ್‌ನಿಂದ ಬಂದ ಏಬಲ್ಟನ್ ಲೈವ್‌ಗೆ ಸರಿಸಾಟಿ ಇಲ್ಲ. ಪ್ರಿಸೋನಸ್‌ನ ಸ್ಟುಡಿಯೋ ಒನ್, ಸ್ಟೈನ್‌ಬರ್ಗ್ ಬಿಟ್ಟು ಬಂದವರು ಕಟ್ಟಿದ್ದು, ಎಳೆದು ಬಿಟ್ಟರೆ ಕೆಲಸವಾಗುವಷ್ಟು ಸರಳ. ಅಡಾಸಿಟಿ ಉಚಿತ, ಪ್ರವಚನಕ್ಕೋ ಪಾಡ್‌ಕಾಸ್ಟ್‌ಗೋ ಸಾಕು. ಹತ್ತಾರು ಟ್ರ್ಯಾಕ್‌ಗಳ ಹಾಡಿಗೆ ಅದನ್ನು ಎಳೆದಾಡಬೇಡಿ.

ಕೊಳ್ಳುವ ಮುಂಚೆ ನಿಮ್ಮ ಆಡಿಯೋ ಇಂಟರ್‌ಫೇಸ್ ಬಂದ ಪೆಟ್ಟಿಗೆಯನ್ನು ಇನ್ನೊಮ್ಮೆ ತೆರೆದು ನೋಡಿ. ಏಬಲ್ಟನ್ ಲೈವ್‌ನ ಲೈಟ್ ಆವೃತ್ತಿಯೋ ಕ್ಯೂಬೇಸ್‌ನ ಚಿಕ್ಕ ಆವೃತ್ತಿಯೋ ಅದರ ಜೊತೆ ಉಚಿತವಾಗಿ ಬಂದಿರುವುದು ಸಾಮಾನ್ಯ. ಆ ಕೋಡ್ ಇರುವ ಚೀಟಿ ಎಷ್ಟೋ ಮನೆಗಳಲ್ಲಿ ಥರ್ಮೊಕೋಲ್ ಜೊತೆ ಕಸಕ್ಕೆ ಹೋಗುತ್ತದೆ.

ನಮ್ಮ ತಾಳ, ನಮ್ಮ ಶ್ರುತಿ

ಇಲ್ಲಿ ಸ್ವಲ್ಪ ನಿಲ್ಲಬೇಕು. ಸಾಫ್ಟ್‌ವೇರ್ ಹೋಲಿಕೆಗಳಲ್ಲಿ ಈ ವಿಷಯವನ್ನು ಯಾರೂ ಎತ್ತುವುದಿಲ್ಲ, ಆದರೆ ಭಾವಗೀತೆ, ದೇವರನಾಮ, ಕಛೇರಿ ಮುದ್ರಿಸುವ ನಮಗೆ ಬೇಕಾದದ್ದು ಇದೇ. ಈ ಸಾಫ್ಟ್‌ವೇರ್‌ಗಳೆಲ್ಲ ಹುಟ್ಟಿದ್ದು ನಾಲ್ಕು ಎಣಿಕೆಯ ಗ್ರಿಡ್ ಮತ್ತು ಪಿಯಾನೋದ ಹನ್ನೆರಡು ಮನೆಗಳ ನಡುವೆ. ತೆರೆದ ಕೂಡಲೇ ನಾಲ್ಕರ ಎಣಿಕೆ, ಹೆಚ್ಚಿನವುಗಳಲ್ಲಿ 120ರ ವೇಗ ಎಂದು ಅವೇ ನಿರ್ಧರಿಸಿರುತ್ತವೆ. ಮೊದಲು ಅದನ್ನು ಬದಲಿಸಿ.

ಆದಿತಾಳಕ್ಕೆ ನಾಲ್ಕರ ಎಣಿಕೆಯಲ್ಲೇ ಎರಡು ಬಾರ್ ಸೇರಿಸಿಕೊಂಡರೆ ಒಂದು ಆವರ್ತ. ರೂಪಕಕ್ಕೆ ಮೂರು, ಖಂಡಛಾಪಿಗೆ ಐದು, ಮಿಶ್ರಛಾಪಿಗೆ ಏಳು. ಸಂಖ್ಯೆ ಹೊಂದಿಸಿದರೆ ಸಾಲದು, ಕ್ಲಿಕ್ಕಿನ ಒತ್ತು ಎಲ್ಲಿ ಬೀಳಬೇಕೆಂಬುದನ್ನೂ ಹೇಳಬೇಕು. ಮಿಶ್ರಛಾಪು ಮೂರು, ಎರಡು, ಎರಡು ಎಂದು ನಡೆಯುತ್ತದೆ. ಏಳೂ ಕ್ಲಿಕ್ ಒಂದೇ ಸಮ ಬಡಿಯುತ್ತಿದ್ದರೆ ಹಾಡುವವರು ಎತ್ತುಗಡೆ ಸಿಗದೆ ಒದ್ದಾಡುತ್ತಾರೆ. ರೀಪರ್ ಮತ್ತು ಕ್ಯೂಬೇಸ್ ಎರಡರಲ್ಲೂ ಕ್ಲಿಕ್ಕಿನ ಒತ್ತುಗಳನ್ನು ಬೇಕಾದ ಹಾಗೆ ಬರೆದುಕೊಳ್ಳಬಹುದು. ಬೇರೆಯವುಗಳಲ್ಲಿ ಕ್ಲಿಕ್ಕಿನ ಬದಲು ಖಂಜಿರದ್ದೋ ತಾಳದ್ದೋ ಚಿಕ್ಕ ಲೂಪ್ ಮಾಡಿಟ್ಟುಕೊಳ್ಳಿ. ಹಾಡುವವರಿಗೆ ಅದರ ಮೇಲೆ ಹಾಡುವುದು ಕ್ಲಿಕ್ಕಿಗಿಂತ ಎಷ್ಟೋ ಹಿತ.

ಭಾವಗೀತೆಯಲ್ಲಿ ಇನ್ನೊಂದು ತೊಡಕಿದೆ. ಮೊದಲ ಸಾಲು ತಾಳವಿಲ್ಲದೆ ಆಲಾಪದ ಹಾಗೆ ಬಂದು, ಆಮೇಲೆ ತಬಲಾ ಸೇರುತ್ತದೆ. ಆ ಮೊದಲ ಸಾಲನ್ನು ಕ್ಲಿಕ್ ಇಲ್ಲದೆ ಹಾಡಿಸಿ, ತಬಲಾ ಎತ್ತುವ ಜಾಗದಲ್ಲಿ ಹೊಸ ವೇಗದ ಗುರುತು ಹಾಕಿ. ಆದರೆ ಆಡಿಯೋವನ್ನು ಗ್ರಿಡ್‌ಗೆ ಕಟ್ಟಿಹಾಕಿದ್ದರೆ, ವೇಗ ಬದಲಿಸಿದ ಕ್ಷಣ ಮುದ್ರಿಸಿದ ಗಾಯನವೇ ಹಿಗ್ಗಿಯೋ ಕುಗ್ಗಿಯೋ ಜಾಗ ಬಿಟ್ಟು ಸರಿಯುತ್ತದೆ. ಇದನ್ನು ತಪ್ಪಿಸಲು ರೀಪರ್‌ನ ಪ್ರಾಜೆಕ್ಟ್ ಸೆಟ್ಟಿಂಗ್‌ನಲ್ಲಿ ಟೈಮ್‌ಬೇಸ್ ಅನ್ನು ‘ಟೈಮ್’ ಎಂದು ಮಾಡಿ. ಪ್ರೊ ಟೂಲ್ಸ್‌ನಲ್ಲಿ ಟ್ರ್ಯಾಕ್ ‘ಸ್ಯಾಂಪಲ್ಸ್’ ಮೇಲಿರಲಿ, ‘ಟಿಕ್ಸ್’ ಮೇಲೆ ಬೇಡ. ಕ್ಯೂಬೇಸ್‌ನಲ್ಲಿ ಟ್ರ್ಯಾಕನ್ನು ಲೀನಿಯರ್ ಮಾಡಿ. ಕಲಾವಿದರು ಪೂರ್ತಿ ಕ್ಲಿಕ್ ಇಲ್ಲದೆ ನುಡಿಸಿದ್ದರೆ ಲಾಜಿಕ್‌ನ ಸ್ಮಾರ್ಟ್ ಟೆಂಪೋ ಅಥವಾ ಕ್ಯೂಬೇಸ್‌ನ ಟೆಂಪೋ ಡಿಟೆಕ್ಷನ್ ಅವರ ನಡೆಯನ್ನು ಅರಿತು ಗ್ರಿಡ್ಡನ್ನೇ ಅದಕ್ಕೆ ಬಗ್ಗಿಸುತ್ತದೆ. ಮೃದಂಗವನ್ನು ಗ್ರಿಡ್‌ಗೆ ಎಳೆದು ಕೂರಿಸುವುದಕ್ಕಿಂತ ಗ್ರಿಡ್ಡನ್ನು ಮೃದಂಗದ ಹತ್ತಿರ ತರುವುದೇ ಸರಿ. ನುಡಿಸಿದವರ ವರ್ಷಗಳ ಸಾಧನೆ ಆ ಕೂದಲೆಳೆಯಷ್ಟು ಹಿಂದುಮುಂದಿನಲ್ಲೇ ಇರುತ್ತದೆ.

ಶ್ರುತಿಯ ವಿಚಾರಕ್ಕೆ ಬಂದರೆ, ಐದೂವರೆ ಶ್ರುತಿಯಲ್ಲಿ ಹಾಡುವವರ ಷಡ್ಜ ಜಿ ಶಾರ್ಪ್. ಧಾರವಾಡದ ಕಡೆಯ ಹಿಂದುಸ್ತಾನಿ ಗಾಯಕರು ಕಾಳಿ ಎರಡು ಎಂದರೆ ಡಿ ಶಾರ್ಪ್. ಪ್ರಾಜೆಕ್ಟ್ ತೆರೆದ ದಿನವೇ ಇದನ್ನು ಬರೆದಿಡಿ. ತಂಬೂರಿ ಪೆಟ್ಟಿಗೆಯನ್ನು ಕಿವಿಗೆ ಹಿತವಾದಷ್ಟು ಏರಿಸಿಟ್ಟಿದ್ದರೆ ಅದು ಕೀಬೋರ್ಡಿಗಿಂತ 20 ಸೆಂಟ್, ಅಂದರೆ ಒಂದು ಮನೆಯ ಐದರಲ್ಲೊಂದು ಭಾಗ, ಮೇಲಿರಬಹುದು. ಆಗ ವಾದ್ಯದ ಪ್ಲಗಿನ್‌ಗಳ ಆಧಾರವನ್ನು 440 ಹರ್ಟ್ಸ್ ಬಿಟ್ಟು ಸುಮಾರು 445ಕ್ಕೆ ಏರಿಸಿಕೊಳ್ಳಬೇಕು. ಹಾಡುವವರ ಶ್ರುತಿ ತಿದ್ದಲು ಹೋಗಬೇಡಿ, ಅವರು ಸರಿಯಾಗಿಯೇ ಇದ್ದಾರೆ.

ಆಟೋಟ್ಯೂನ್ ಬಗೆಯ ಪ್ಲಗಿನ್‌ಗಳು ನಮ್ಮ ಸಂಗೀತಕ್ಕೆ ಮಾಡುವ ಹಾನಿಯ ಬಗ್ಗೆ ಗಟ್ಟಿಯಾಗಿ ಹೇಳಬೇಕು. ಮಾಯಾಮಾಳವಗೌಳದ ಏಳು ಸ್ವರಗಳನ್ನು ಸ್ಕೇಲ್ ಆಗಿ ಕೊಟ್ಟು ಪ್ಲಗಿನ್ ಬಿಟ್ಟರೆ ಸರಿಹೋಗುತ್ತದೆ ಎಂದು ಹಲವರು ತಿಳಿಯುತ್ತಾರೆ. ಸರಳೆ ವರಸೆಗೆ ಹೇಗೋ ನಡೆದೀತು. ತೋಡಿಯ ಗಾಂಧಾರವನ್ನು ಒಮ್ಮೆ ಹಾಯಿಸಿ ನೋಡಿ. ಆ ಸ್ವರ ನಿಲ್ಲುವುದೇ ಇಲ್ಲ, ತೂಗಾಡುತ್ತಲೇ ಇರುತ್ತದೆ. ಆ ತೂಗಾಟವೇ ತೋಡಿ. ಪ್ಲಗಿನ್ ಅದನ್ನು ತಪ್ಪೆಂದು ಬಗೆದು ಹತ್ತಿರದ ಮನೆಗೆ ಹಿಡಿದು ನಿಲ್ಲಿಸುತ್ತದೆ, ಅಲ್ಲಿಗೆ ರಾಗ ಮುಗಿಯಿತು. ತಿದ್ದಲೇಬೇಕಾದರೆ ಮೆಲೊಡೈನ್, ವೇರಿಆಡಿಯೋ, ಲಾಜಿಕ್‌ನ ಫ್ಲೆಕ್ಸ್ ಪಿಚ್, ಇವುಗಳಲ್ಲಿ ಗೆರೆ ನೋಡಿಕೊಂಡು ಕೈಯಿಂದ ತಿದ್ದಿ. ಕಾರ್ವೆ ಹಿಡಿದ ಷಡ್ಜ ಪಂಚಮಗಳು ಜಾರಿದ್ದರೆ ಅಷ್ಟನ್ನು ಸರಿಪಡಿಸಿ, ಗಮಕ ಇರುವ ಕಡೆ ಕೈ ಹಾಕಬೇಡಿ. ಕೆಲವು ಸಾಫ್ಟ್‌ವೇರ್‌ಗಳ ಜೊತೆ ಬರುವ ಮೆಲೊಡೈನ್ ಎಸೆನ್ಷಿಯಲ್ ಚಿಕ್ಕ ಆವೃತ್ತಿ. ಸ್ವರದ ಜಾಗವನ್ನು ಮೇಲೆ ಕೆಳಗೆ ಸರಿಸಬಹುದು, ಆದರೆ ಕಂಪನವನ್ನೂ ಜಾರುವಿಕೆಯನ್ನೂ ಬೇರೆ ಬೇರೆಯಾಗಿ ಹಿಡಿಯುವ ಉಪಕರಣಗಳು ಅದರ ಮೇಲಿನ ಆವೃತ್ತಿಗಳಲ್ಲಿವೆ. ಇನ್ನೊಮ್ಮೆ ಹಾಡಿಸುವುದು ಎಲ್ಲಕ್ಕಿಂತ ಅಗ್ಗ.

ಸಿಂತ್ ಮೇಲೆ ರಾಗ ನುಡಿಸುವವರಿಗೆ ಒಂದು ಒಳ್ಳೆಯ ಸುದ್ದಿ ಇದೆ. 2024ರಲ್ಲಿ ಬಂದ ಏಬಲ್ಟನ್ ಲೈವ್ 12ರಲ್ಲಿ ಹನ್ನೆರಡು ಸಮಭಾಗಗಳಾಚೆಯ ಶ್ರುತಿ ವ್ಯವಸ್ಥೆಗಳನ್ನು ಹಾಕಿಕೊಳ್ಳಬಹುದು. ಲಾಜಿಕ್‌ನಲ್ಲಿ ಈ ಸೌಲಭ್ಯ ಹಿಂದಿನಿಂದಲೂ ಇದೆ.

ಮುದ್ರಣದಿಂದ ಮಿಕ್ಸ್‌ವರೆಗೆ

ಯಾವ ಸಾಫ್ಟ್‌ವೇರ್ ಆದರೂ ಮೊದಲ ದಿನ ಎಲ್ಲರಿಗೂ ಎದುರಾಗುವ ಕಿರಿಕಿರಿ ಒಂದೇ. ಹಾಡಿದ್ದು ಹೆಡ್‌ಫೋನಿನಲ್ಲಿ ತಡವಾಗಿ ಕೇಳಿಸುತ್ತದೆ. ಇದು ಬಫರ್‌ನ ಕೆಲಸ. 48 ಕಿಲೋಹರ್ಟ್ಸ್‌ನಲ್ಲಿ 128 ಸ್ಯಾಂಪಲ್ ಬಫರ್ ಎಂದರೆ ಸುಮಾರು 2.7 ಮಿಲಿಸೆಕೆಂಡ್, 1024 ಎಂದರೆ 21. ಒಳಬರುವಾಗ ಒಮ್ಮೆ, ಹೊರಹೋಗುವಾಗ ಒಮ್ಮೆ ಈ ತಡ ಕೂಡುತ್ತದೆ. ಮುದ್ರಿಸುವಾಗ 64ಕ್ಕೋ 128ಕ್ಕೋ ಇಳಿಸಿ, ಮಿಕ್ಸ್ ಮಾಡುವಾಗ 1024ಕ್ಕೆ ಏರಿಸಿ, ಕಂಪ್ಯೂಟರ್ ಉಸಿರಾಡಲಿ. ವಿಂಡೋಸ್‌ನಲ್ಲಿ ಇಂಟರ್‌ಫೇಸ್ ಕಂಪನಿಯದೇ ಎಎಸ್‌ಐಒ ಡ್ರೈವರ್ ಹಾಕಿಕೊಳ್ಳಿ. ಇದೊಂದನ್ನು ಬಿಟ್ಟದ್ದಕ್ಕೇ ‘ಈ ಸಾಫ್ಟ್‌ವೇರ್ ಸರಿಯಿಲ್ಲ’ ಎಂದು ಬದಲಿಸಿದವರು ಎಷ್ಟೋ ಜನ.

24 ಬಿಟ್‌ನಲ್ಲಿ ಮುದ್ರಿಸಿ. ಹಾಗೆ ಮಾಡಿದರೆ ಮಟ್ಟವನ್ನು ಕೆಂಪಿನ ಅಂಚಿಗೆ ಏರಿಸುವ ಅಗತ್ಯ ಇರುವುದಿಲ್ಲ. ತಾರಸ್ಥಾಯಿಯಲ್ಲಿ ಏರುವಾಗಲೂ ಮೈನಸ್ 10 ಡೆಸಿಬಲ್ ಆಸುಪಾಸಿನಲ್ಲಿ ಇರಲಿ.

ಮಿಕ್ಸ್‌ನಲ್ಲಿ ನಮ್ಮ ವಾದ್ಯಗಳ ಮುಖ್ಯ ತಾಪತ್ರಯ ತಂಬೂರಿ. ಸದಾ ಮೊರೆಯುವ ಅದು ಗಾಯನದ ಮಂದ್ರವನ್ನೂ ವೀಣೆಯ ಮೈಯನ್ನೂ ನುಂಗುತ್ತದೆ. ತಂಬೂರಿಯ ಕೆಳಗಿನ ಆವರ್ತನಗಳನ್ನು ಸಮಕಾರಿಯಿಂದ ಕತ್ತರಿಸಿ, ಎಡಬಲಕ್ಕೆ ಹರಡಿ, ಹಾಡು ನಿಂತ ಕಡೆ ಮಾತ್ರ ಸ್ವಲ್ಪ ಏರುವಂತೆ ಆಟೊಮೇಷನ್ ಬರೆಯಿರಿ. ಗಾಯನದ ಕಂಪ್ರೆಸರ್‌ಗೆ ಬೇಗ ಹಿಡಿಯುವ ಅಟ್ಯಾಕ್ ಕೊಟ್ಟು ಗಮಕಗಳ ಏರಿಳಿತವನ್ನು ಚಪ್ಪಟೆ ಮಾಡಬೇಡಿ. ಜೋರಾದ ಸಾಲುಗಳನ್ನು ಫೇಡರ್ ಹಿಡಿದು ಕೈಯಿಂದಲೇ ಇಳಿಸುವುದು ಹೆಚ್ಚು ಶ್ರಮ, ಆದರೆ ಹಾಡು ಜೀವಂತವಾಗಿರುತ್ತದೆ. ಈ ಕೆಲಸಗಳನ್ನು ಮೇಲೆ ಹೇಳಿದ ಬಹುತೇಕ ಎಲ್ಲ ಸಾಫ್ಟ್‌ವೇರ್‌ಗಳೂ ಮಾಡುತ್ತವೆ. ದುಬಾರಿ ಪ್ಲಗಿನ್‌ಗೆ ಇಟ್ಟ ಹಣದಲ್ಲಿ ಒಳ್ಳೆಯ ಮೈಕ್ ತನ್ನಿ, ಕೋಣೆಗೆ ದಪ್ಪ ಹೊದಿಕೆ ಕಟ್ಟಿ.

ಕೊನೆಯ ಫೈಲನ್ನು ಜೋರು ಮಾಡುವ ಪೈಪೋಟಿಗೆ ಇಳಿಯಬೇಡಿ. ಸ್ಪಾಟಿಫೈ ಸಾಮಾನ್ಯವಾಗಿ ಮೈನಸ್ 14 ಎಲ್‌ಯುಎಫ್‌ಎಸ್ (ಕಿವಿಗೆ ಕೇಳುವ ಜೋರಿನ ಅಳತೆ) ಮಟ್ಟಕ್ಕೆ ತಂದೇ ಹಾಡು ಕೇಳಿಸುತ್ತದೆ. ಹಿಂಡಿ ಹಿಪ್ಪೆ ಮಾಡಿ ಜೋರಾಗಿಸಿದ ಹಾಡನ್ನು ಅದು ತಗ್ಗಿಸಿಬಿಡುತ್ತದೆ, ಹಿಂಡಿದ ಗಾಯ ಮಾತ್ರ ಉಳಿಯುತ್ತದೆ. ಟ್ರೂ ಪೀಕ್ ಮೈನಸ್ 1 ದಾಟದಿರಲಿ.

ಇನ್ನು ಕಾಪಿಡುವ ಮಾತು. ವಿಂಡೋಸ್‌ನ ಲಾಜಿಕ್ ಬಳಸುತ್ತಿದ್ದವರ ಕಥೆ ಆಗಲೇ ಹೇಳಿದೆ. 1987ರಿಂದ ಇದ್ದ ಕೇಕ್‌ವಾಕ್ ಎಂಬ ಸಾಫ್ಟ್‌ವೇರ್ ಅನ್ನು 2017ರಲ್ಲಿ ಗಿಬ್ಸನ್ ಕಂಪನಿ ನಿಲ್ಲಿಸಿಬಿಟ್ಟಿತು. ಮರುವರ್ಷ ಸಿಂಗಪುರದ ಬ್ಯಾಂಡ್‌ಲ್ಯಾಬ್ ಅದನ್ನು ಕೊಂಡು ಉಚಿತವಾಗಿ ಕೊಟ್ಟಿತು, ಆದರೆ ಆ ನಡುವಿನ ತಿಂಗಳುಗಳಲ್ಲಿ ಸಾವಿರಾರು ಪ್ರಾಜೆಕ್ಟ್‌ಗಳ ಗತಿ ಏನೆಂದು ಯಾರಿಗೂ ಗೊತ್ತಿರಲಿಲ್ಲ. ಆದ್ದರಿಂದ ಹಾಡು ಮುಗಿದ ದಿನ ಪ್ರಾಜೆಕ್ಟ್ ಫೈಲ್ ಮಾತ್ರ ಉಳಿಸಿ ಏಳಬೇಡಿ. ಪ್ರತಿ ಟ್ರ್ಯಾಕನ್ನೂ ಹಾಡಿನ ಮೊದಲ ಕ್ಷಣದಿಂದ ಆರಂಭವಾಗುವಂತೆ ವೇವ್ ಫೈಲ್ ಆಗಿ ಹೊರತೆಗೆಯಿರಿ, ಎಫೆಕ್ಟ್ ಇಲ್ಲದ್ದೊಂದು, ಇರುವುದೊಂದು. 24 ಬಿಟ್, 48 ಕಿಲೋಹರ್ಟ್ಸ್‌ನ ಒಂದು ಮೋನೋ ಟ್ರ್ಯಾಕ್ ನಿಮಿಷಕ್ಕೆ ಸುಮಾರು 8.6 ಎಂಬಿ. ಐದು ನಿಮಿಷದ, ಇಪ್ಪತ್ತು ಮೋನೋ ಟ್ರ್ಯಾಕಿನ ಹಾಡು ಎರಡೂ ಬಗೆ ಸೇರಿ ಎರಡು ಜಿಬಿಯೊಳಗೆ ಮುಗಿಯುತ್ತದೆ. ಎರಡು ಬೇರೆ ಡಿಸ್ಕ್‌ಗಳಲ್ಲಿ ಇಡಿ. ಫೋಲ್ಡರಿನ ಹೆಸರಿನಲ್ಲೇ ಹಾಡಿನ ಹೆಸರು, ವೇಗ, ತಾಳ, ಷಡ್ಜ ಯಾವ ಮನೆ, ಆಧಾರ 440ಓ 445ಓ ಎಂಬುದಿರಲಿ. ಹತ್ತು ವರ್ಷದ ಮೇಲೆ ಬೇರೆ ಯಂತ್ರದಲ್ಲಿ, ಬೇರೆ ಸಾಫ್ಟ್‌ವೇರ್‌ನಲ್ಲಿ ಆ ಫೋಲ್ಡರ್ ತೆರೆದವರು ಎಲ್ಲವನ್ನೂ ಸೊನ್ನೆಯಿಂದ ಜೋಡಿಸಿ ಅಲ್ಲೇ ಕೆಲಸ ಮುಂದುವರಿಸಬಹುದು.